ಕರಾವಳಿಯ ಒಂದು ವ್ಯಾಪಾರಿ ಕುಟುಂಬ

ರಾಷ್ಟ್ರೀಯ ಭದ್ರತೆಯ ವಿಷಯದಲ್ಲಿ ಇನ್ನೊಂದು ಎಂ.ಎ. ಮಾಡುತ್ತೇನೆ ಎಂದು ಸಬೀನಾ ಮನೆಯಲ್ಲಿ ಹೇಳಿದಾಗ ಮೊದಲು ನಕ್ಕವನು ಅವಳ ತಮ್ಮ ಝಿಯಾದ್. "ಪೊಲೀಸ್ ಆಗ್ಲಿಕ್ಕುಂಟಾ ನಿನಗೆ?" ಎಂದ. ಉಮ್ಮ ಖೈರುನ್ನಿಸಾ ನಗಲಿಲ್ಲ. ಬಂಗುಡೆ ಕೊಯ್ಯುತ್ತಿದ್ದ ಕೈ ನಿಲ್ಲಿಸಿ, "ನಮಗೆ ಯಾಕೆ ಅದೆಲ್ಲ?" ಎಂದು ಕೇಳಿದರು. ದಮ್ಮಾಮಿನಲ್ಲಿದ್ದ ಗಂಡ ಹಾಶಿಂ ಫೋನಿನಲ್ಲಿ, "ನಿನಗೆ ಖುಷಿ ಉಂಟಲ್ಲ, ಓದು" ಎಂದು ಅಷ್ಟಕ್ಕೇ ಮುಗಿಸಿದ.

ಉಮ್ಮನ ಆ 'ನಮಗೆ' ಎಂಬ ಮಾತಿಗೆ ಸಬೀನಾ ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಅವಳಿಗೆ, ದೇಶದ ಭದ್ರತೆಯ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಏನಾಗುತ್ತದೆ ಎಂಬುದು ಗೊತ್ತಿತ್ತು. ಮಕ್ಕಳು ಪುಸ್ತಕ ಬಿಟ್ಟು ಅವಳ ತಲೆಯ ಮೇಲಿನ ಶಾಲಿನ ಕಡೆಗೆ ನೋಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಯಾರೋ ಕಲಿಸಿಕೊಟ್ಟ ಅಭ್ಯಾಸದಿಂದ. ಆ ಪಾಠವನ್ನು ತಲೆ ಎತ್ತಿ, ಯಾರಿಗೂ ಜವಾಬು ಕೊಡುವವಳ ಹಾಗಲ್ಲದೆ, ವಿಷಯ ಬಲ್ಲವಳ ಹಾಗೆ ಮಾಡಬೇಕೆಂಬ ಆಸೆ ಅವಳಿಗೆ ಬಹಳ ಕಾಲದಿಂದ ಇತ್ತು.

ಆ ಆಸೆಗೆ ದಾರಿ ತೋರಿಸಿದವಳು ತೃಷಾ. ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಇಬ್ಬರೂ ಬಿ.ಎ. ಓದುವಾಗಿನಿಂದ ಒಂದೇ ಬೆಂಚಿನವರು. ತೃಷಾಳ ತಂದೆ ಬೂಬ ಹಿಂದೆ ಕಡಲಿಗೆ ಹೋಗುತ್ತಿದ್ದವರು, ಈಗ ಬಂದರಿನ ದಕ್ಕೆಯಿಂದ ಕೇರಳಕ್ಕೆ ಮೀನು ಕಳಿಸುವ ವ್ಯಾಪಾರ ಮಾಡುತ್ತಿದ್ದರು. ತೃಷಾ ಮದುವೆಯಾಗಿ ಮಣ್ಣಗುಡ್ಡದಲ್ಲಿದ್ದಳು. ವ್ಯಾಪಾರಿಯಾಗಿದ್ದ ತಂದೆ ತೀರಿಹೋದ ಮೇಲೆ ಸಬೀನಾ ಬೋಳಾರದ ತಾಯಿಮನೆಯಲ್ಲೇ ಉಳಿದಿದ್ದಳು. ಉತ್ತರದ ಒಂದು ವಿಶ್ವವಿದ್ಯಾಲಯ ಈ ಪದವಿಯನ್ನು ಪೂರ್ತಿ ಆನ್‌ಲೈನಿನಲ್ಲೇ ಕೊಡುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಸುದ್ದಿ ತಂದವಳೂ ತೃಷಾಳೇ.

"ಸಮುದ್ರವನ್ನೇ ಕಾಣದವರು ಕರಾವಳಿಯ ಭದ್ರತೆ ಬಗ್ಗೆ ಪುಸ್ತಕ ಬರೀತಾರೆ" ಎಂದಳು ತೃಷಾ. "ನಾವಿಬ್ಬರು ಕಡಲಿನ ಬದಿಯವರು. ನಾವು ಬರೆಯದೆ ಮತ್ತೆ ಯಾರು ಬರೀಬೇಕು ಮಾರಾಯ್ತಿ?"

ಹಾಗೆ ಶುರುವಾಯಿತು. ಭಾನುವಾರ ಬೆಳಿಗ್ಗೆ ಪಾಠ. ಸಬೀನಾ ತಿಂಡಿ ಮುಗಿಸಿ ಬಸ್ಸು ಹತ್ತಿ ಮಣ್ಣಗುಡ್ಡಕ್ಕೆ ಹೋಗುತ್ತಿದ್ದಳು. ಮಹಡಿಯ ಮೇಲಿನ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಎದುರುಬದುರು ಇಟ್ಟು ಕೂರುತ್ತಿದ್ದರು. ಧ್ವನಿ ಎರಡೆರಡಾಗಿ ಕೇಳುತ್ತದೆಂದು ಒಬ್ಬರದ್ದರ ಸದ್ದು ಮುಚ್ಚುತ್ತಿದ್ದರು. ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ದೇಶದ ಮೂಲೆಮೂಲೆಯ ಮುಖಗಳು. ನಿವೃತ್ತಿಗೆ ಹತ್ತಿರವಾದ ಅಧಿಕಾರಿಗಳು, ಪತ್ರಕರ್ತರು, ಪರೀಕ್ಷೆಗೆ ಓದುವ ಹುಡುಗರು. ಪಾಠ ಮಾಡುತ್ತಿದ್ದವರು ಪ್ರೊಫೆಸರ್ ರೂಬನ್ ಎಂಬವರು, ಸೇನೆಯ ನೌಕರಿ ಮುಗಿಸಿ ಬೋಧನೆಗೆ ಬಂದವರು. ಗಡಿ, ಗೂಢಚರ್ಯೆ, ಕಡಲ ಹಾದಿ, ಸೈಬರ್ ದಾಳಿ ಎಂದು ವಾರಕ್ಕೊಂದು ವಿಷಯ. ಸಬೀನಾಳಿಗೆ ಓದು ಹಿಡಿಸಿತು. ಪ್ರಶ್ನೆ ಕೇಳುತ್ತಿದ್ದಳು, ವಾದ ಮಾಡುತ್ತಿದ್ದಳು. ಒಮ್ಮೆ ರೂಬನ್ ಅವಳ ಪ್ರಬಂಧವನ್ನು ತರಗತಿಗೇ ಓದಿ ಹೇಳಿದಾಗ, ಎದುರು ಕೂತ ತೃಷಾ ಮೇಜಿನ ಕೆಳಗಿಂದ ಅವಳ ಕಾಲನ್ನು ಮೆಲ್ಲಗೆ ಒದ್ದು ನಕ್ಕಿದ್ದಳು.

ಎರಡನೆಯ ವರ್ಷದಲ್ಲಿ ಒಂದು ಭಾನುವಾರ, ತೀವ್ರವಾದಕ್ಕೆ ಎಳೆಯಲ್ಪಡುವ ಯುವಕರಲ್ಲಿ ಮೊದಲು ಕಾಣುವ ಲಕ್ಷಣಗಳ ಬಗ್ಗೆ ಪಾಠವಿತ್ತು. ಕಾರಣ ಹೇಳದೆ ಮನೆ ಬಿಡುವುದು, ಫೋನ್ ನಂಬರ್ ಬದಲಿಸುವುದು, ಹಳೆಯ ಗೆಳೆಯರಿಂದ ದೂರವಾಗುವುದು, ಇದ್ದಕ್ಕಿದ್ದಂತೆ ಧರ್ಮದ ಆಚರಣೆಯಲ್ಲಿ ಮುಳುಗುವುದು. ಒಂದೊಂದೇ ಸಾಲು ಪರದೆಯ ಮೇಲೆ ಬರುತ್ತಿದ್ದಂತೆ ಸಬೀನಾ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಪಾಠ ಮುಗಿದು ಚಾ ಬಂದಾಗ ಅವಳು ಸುಮ್ಮನೆ ನಗುವ ಪ್ರಯತ್ನ ಮಾಡಿದಳು.

"ಅದರಲ್ಲಿ ಅರ್ಧಕ್ಕರ್ಧ ನಮ್ಮ ಝಿಯಾದನಿಗೇ ಕೂಡ್ತದೆ ಅಲ್ವಾ?"

ತೃಷಾ ಕೂಡ ನಕ್ಕಳು. ಅವಳಿಗೆ ಆ ಕತೆ ಗೊತ್ತಿತ್ತು. ಗೊತ್ತಿದ್ದದ್ದು ಮಾತ್ರವಲ್ಲ, ಅವಳು ಅದರೊಳಗೇ ಇದ್ದಳು.

ಝಿಯಾದ್ ಇಂಜಿನಿಯರಿಂಗ್ ಓದುತ್ತಿದ್ದ ಕಾಲ. ಒಂದು ಬೆಳಿಗ್ಗೆ ಪರೀಕ್ಷೆಗೆಂದು ಹೊರಟವನು ಮನೆಗೆ ಬರಲಿಲ್ಲ. ಫೋನ್ ಸತ್ತಿತ್ತು. ಗೆಳೆಯರಿಗೆ ಗೊತ್ತಿರಲಿಲ್ಲ. ಪೊಲೀಸರಿಗೆ ಹೇಳೋಣವೆಂದಾಗ ಉಮ್ಮ ಸಬೀನಾಳ ಕೈ ಹಿಡಿದುಕೊಂಡರು. "ಬೇರೆಯವರ ಮಗ ಮನೆ ಬಿಟ್ರೆ ಓಡಿಹೋದ ಅಂತಾರೆ. ನಮ್ಮ ಮಗ ಬಿಟ್ರೆ, ಎಲ್ಲಿಗೆ ಹೋದ ಅಂತ ಕೇಳ್ತಾರೆ" ಎಂದರು. ಕೇಳಿದವರಿಗೆಲ್ಲ ಟ್ರೈನಿಂಗಿಗೆ ಹೋಗಿದ್ದಾನೆ ಎಂದು ಸುಳ್ಳು ಹೇಳುತ್ತ ಉಮ್ಮ ಕಡ್ಡಿಯಾದರು. ಸಬೀನಾ ನಿಜ ಹೇಳಿದ್ದು ತೃಷಾ ಒಬ್ಬಳಿಗೇ. ತೃಷಾ ತಂದೆಗೆ ಹೇಳಿದಳು. ಬೂಬ ಮಾತು ಬೆಳೆಸದೆ, ತನಗೆ ಪರಿಚಯವಿದ್ದ ಬಂದರುಗಳಲ್ಲೆಲ್ಲ ವಿಚಾರಿಸಿದರು. ಒಂದೂವರೆ ತಿಂಗಳಾದ ಮೇಲೆ ಮಲ್ಪೆಯಿಂದ ಸುದ್ದಿ ಬಂತು. ಬೂಬನ ಪಿಕಪ್‌ನಲ್ಲೇ ಮೂವರೂ ಹೋದರು. ಐಸ್ ಪ್ಲಾಂಟೊಂದರಲ್ಲಿ ಝಿಯಾದ್ ಮಂಜುಗಡ್ಡೆ ಎಳೆಯುತ್ತಿದ್ದ. ಗಡ್ಡ ಬೆಳೆದಿತ್ತು, ಬೆರಳುಗಳು ಒಡೆದಿದ್ದವು. ಅಕ್ಕನನ್ನು ಕಂಡು ಅವನು ಹಿಂದೆ ಸರಿದ. ಮುಂದೆ ಹೋಗಿ ಅವನ ತೋಳು ಹಿಡಿದವಳು ತೃಷಾ. "ಯಾರೂ ಎಂತ ಕೇಳುದಿಲ್ಲ. ಬಾ" ಎಂದಿದ್ದಳು. ಸೆಮಿಸ್ಟರಿನ ಮೇಲೆ ಸೆಮಿಸ್ಟರು ಫೇಲಾಗಿದ್ದನ್ನು ಮನೆಯಲ್ಲಿ ಹೇಳಲಾಗದೆ ಓಡಿಹೋದ ಹುಡುಗ, ಅಷ್ಟೇ. ಮುಂದೆ ಬೇರೆ ಡಿಗ್ರಿ ಮುಗಿಸಿ, ಬಂದರಿನಲ್ಲಿ ಸರಕು ಬಿಡಿಸಿಕೊಡುವ ಏಜೆಂಟರ ಆಫೀಸಿನಲ್ಲಿ ಕೆಲಸ ಹಿಡಿದು ನೆಟ್ಟಗಾಗಿದ್ದ.

ತೃಷಾಳಿಗೆ ಗೊತ್ತಿರದ ಒಂದೇ ವಿಷಯವಿತ್ತು. ಆ ಭಾನುವಾರ ಚಾ ಕುಡಿಯುತ್ತ, ನಗು ಇಳಿದ ಮೇಲೆ, ಸಬೀನಾ ಅದನ್ನೂ ಹೇಳಿದಳು.

"ಅಲ್ಲಿರುವಾಗ ಅವನು ಐದು ಹೊತ್ತೂ ನಮಾಜಿಗೆ ಹೋಗ್ತಿದ್ನಂತೆ. ಮನೆಯಲ್ಲಿ ಶುಕ್ರವಾರಕ್ಕೂ ಎಬ್ಬಿಸ್ಬೇಕಿತ್ತು ಅವನನ್ನು. ಯಾಕೆ ಅಂತ ಕೇಳಿದೆ. ಅಲ್ಲಿ ಕೂತರೆ ನೀನು ಯಾರು, ಯಾಕೆ ಬಂದೆ ಅಂತ ಯಾರೂ ಕೇಳುದಿಲ್ಲ ಅಕ್ಕ, ಅಂದ. ಇದನ್ನು ಯಾರಿಗೂ ಹೇಳ್ಬೇಡ ಅಂದಿದ್ದ. ಉಮ್ಮನಿಗೂ ಹೇಳ್ಲಿಲ್ಲ ನಾನು."

ತೃಷಾ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಪಾಪ" ಎಂದಳು.

ಕೊನೆಯ ಸೆಮಿಸ್ಟರು ಪೂರ್ತಿ ಸಂಶೋಧನಾ ಪ್ರಬಂಧಕ್ಕೆ ಮೀಸಲು. ಕರಾವಳಿಯ ಕಾವಲಿನಲ್ಲಿ ಮೀನುಗಾರರ ಪಾತ್ರ ಎಂಬುದು ಸಬೀನಾಳ ವಿಷಯವಾಯಿತು. ತೃಷಾಳೇ ಅವಳನ್ನು ಮೀನುಗಾರರಿರುವ ಬೆಂಗ್ರೆಗೆ ಕರೆದುಕೊಂಡು ಹೋಗಿ ನಾಲ್ಕಾರು ಮನೆಯವರಿಗೆ ಪರಿಚಯ ಮಾಡಿಸಿದಳು. ನಿನ್ನದು ಎಂತ ಎಂದು ಕೇಳಿದರೆ, "ಕಂಟೇನರ್ ತಪಾಸಣೆ ಮಾರಾಯ್ತಿ, ಒಣ ವಿಷಯ" ಎನ್ನುತ್ತಿದ್ದಳು. ಆಮೇಲೆ ಅವಳಿಗೆ ಪುರುಸೊತ್ತು ಕಡಿಮೆಯಾಯಿತು. ಮನೆಗೆ ನೆಂಟರು, ತಲೆನೋವು, ಗಂಡ ದೀಕ್ಷಿತನಿಗೆ ರಜೆ. ಗಂಡ ಮನೆಯಲ್ಲಿರುವಾಗ ಹೋಗಿ ಕೂರುವುದು ಚೆಂದವಲ್ಲವೆಂದು ಸಬೀನಾ ತನ್ನ ಮನೆಯಲ್ಲೇ ಓದತೊಡಗಿದಳು. ಅನುಮಾನ ಎಂಬುದು ಅವಳ ಮನಸ್ಸಿನ ಹತ್ತಿರವೂ ಸುಳಿಯಲಿಲ್ಲ.

ಪ್ರಬಂಧಗಳ ಕರಡನ್ನು ತರಗತಿಯ ಮುಂದೆ ಮಂಡಿಸುವ ಭಾನುವಾರ ಬಂತು. ಮೊದಲು ತೃಷಾಳ ಸರದಿ. ಸಬೀನಾ ಬೋಳಾರದ ಮನೆಯ ಒಳಕೋಣೆಯಲ್ಲಿ ಕೂತು, ಗೆಳತಿ ಚೆನ್ನಾಗಿ ಮಾತಾಡಲಿ ಎಂದು ಮನಸ್ಸಿನಲ್ಲೇ ಹಾರೈಸಿದಳು. ಪರದೆಯ ಮೇಲೆ ಶೀರ್ಷಿಕೆ ಮೂಡಿತು: ಕರಾವಳಿ ಪಟ್ಟಣಗಳಲ್ಲಿ ತೀವ್ರವಾದದ ಆರಂಭಿಕ ಲಕ್ಷಣಗಳು. ತಪ್ಪಿ ಬೇರೆ ಯಾರದ್ದೋ ಬಂದಿದೆ ಎಂದೇ ಅವಳು ಮೊದಲು ತಿಳಿದಳು. ಕೆಳಗೆ ತೃಷಾಳ ಹೆಸರಿತ್ತು.

ಹಿನ್ನೆಲೆ, ಅಂಕಿಅಂಶ, ಬೇರೆ ದೇಶಗಳ ಉದಾಹರಣೆ ಎಲ್ಲ ಮುಗಿದು, ತೃಷಾ ಗಂಟಲು ಸರಿಮಾಡಿಕೊಂಡಳು. "ಇದು ನನ್ನ ಮುಖ್ಯ ಪ್ರಕರಣ. ಕರಾವಳಿಯ ಒಂದು ವ್ಯಾಪಾರಿ ಕುಟುಂಬ" ಎಂದಳು. ತರಗತಿಯ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು, ಅವಳ ಇಂಗ್ಲಿಷು ಒಳ್ಳೆಯದಿತ್ತು. ಅಳಿಯ ಗಲ್ಫಿನಲ್ಲಿರುವ ಕುಟುಂಬ. ಕಿರಿಯ ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಒಂದು ದಿನ ಕಾರಣ ಹೇಳದೆ ಕಾಣೆಯಾಗುತ್ತಾನೆ. ಫೋನ್ ನಿಲ್ಲಿಸುತ್ತಾನೆ. ಕುಟುಂಬ ಪೊಲೀಸರಿಗೆ ದೂರು ಕೊಡುವುದಿಲ್ಲ, ನೆರೆಹೊರೆಯವರಿಗೆ ಸುಳ್ಳು ಹೇಳುತ್ತದೆ. ಒಂದೂವರೆ ತಿಂಗಳ ಬಳಿಕ ಹುಡುಗ ಗಡ್ಡ ಬಿಟ್ಟುಕೊಂಡು ಮರಳುತ್ತಾನೆ. ಆ ಅವಧಿಯಲ್ಲಿ ಅವನು ಹಿಂದೆಂದೂ ಇಲ್ಲದಂತೆ ದಿನಕ್ಕೆ ಐದು ಬಾರಿ ಪ್ರಾರ್ಥನೆ ಮಾಡತೊಡಗಿದ್ದ ಎಂಬುದು ಕುಟುಂಬದ ಆಪ್ತ ಮೂಲದಿಂದ ತಿಳಿದುಬಂದಿದೆ. ಇಂದು ಅವನು ಒಂದು ಬಂದರಿನಲ್ಲಿ ಕೆಲಸ ಮಾಡುತ್ತಿದ್ದಾನೆ.

ಅಷ್ಟು ಹೇಳಿ ತೃಷಾ ಮುಂದಿನ ಪುಟಕ್ಕೆ ಹೋದಳು.

ಸಬೀನಾ ಎದ್ದು ಕೋಣೆಯ ಬಾಗಿಲು ಹಾಕಿದಳು. ಹೊರಗೆ ಉಮ್ಮ ಯಾರೊಂದಿಗೋ ಮಾತಾಡುವುದು ಕೇಳುತ್ತಿತ್ತು. ಮಲ್ಪೆ ಎಲ್ಲಿ? ಐಸ್ ಪ್ಲಾಂಟ್ ಎಲ್ಲಿ? ಫೇಲಾದ ಪರೀಕ್ಷೆಗಳು ಎಲ್ಲಿ? ಒಂದೂವರೆ ತಿಂಗಳ ಬಾಗಿಲನ್ನು ತೆರೆದು, ಒಳಗೆ ಏನಿತ್ತೆಂದು ಹೇಳದೆ, ಹಾಗೇ ಬಿಟ್ಟಿದ್ದಳು ತೃಷಾ. ಕೇಳಿದವರು ತಮಗೆ ಬೇಕಾದದ್ದನ್ನು ಅದರೊಳಗೆ ತುಂಬಿಕೊಳ್ಳಬಹುದಿತ್ತು. ಚೌಕಗಳಲ್ಲಿದ್ದ ಮುಖಗಳು ಗಂಭೀರವಾಗಿ ತಲೆಯಾಡಿಸುತ್ತಿದ್ದವು.

ಪ್ರಶ್ನೆಗಳ ಸಮಯ ಬಂದಾಗ ಸಬೀನಾ ಮೈಕ್ ತೆರೆದಳು.

"ಆ ಹುಡುಗ ಒಂದೂವರೆ ತಿಂಗಳು ಎಲ್ಲಿದ್ದ ಎಂಬುದು ಸಂಶೋಧಕಿಗೆ ಗೊತ್ತಾಗಿದೆಯೇ?"

ತೃಷಾ ಪರದೆಯನ್ನು ನೋಡಲಿಲ್ಲ. ಕೆಳಗೆ ತನ್ನ ಕಾಗದಗಳನ್ನು ನೋಡುತ್ತ ಹೇಳಿದಳು: "ಅದು ಖಚಿತವಾಗಿ ಗೊತ್ತಾಗಿಲ್ಲ."

"ಯಾರಾದರೂ ಹೋಗಿ ಅವನನ್ನು ಕರೆದುಕೊಂಡು ಬಂದರೇ?"

"ಆ ಬಗ್ಗೆ ಮಾಹಿತಿ ಇಲ್ಲ."

"ಒಳ್ಳೆಯ ಪ್ರಶ್ನೆಗಳು" ಎಂದರು ರೂಬನ್. "ಆದರೆ ಆ ಖಾಲಿ ಜಾಗವೇ ಈ ಪ್ರಕರಣದ ಶಕ್ತಿ. ಇಷ್ಟು ಹತ್ತಿರದ ಮೂಲ ಸಿಗುವುದು ಅಪರೂಪ. ಮುಂದುವರಿಸಿ."

ಮಧ್ಯಾಹ್ನದ ಊಟ ಮಾಡದೆ ಸಬೀನಾ ಮಣ್ಣಗುಡ್ಡಕ್ಕೆ ಹೋದಳು. ಬಾಗಿಲು ತೆಗೆದ ದೀಕ್ಷಿತ್ ಅವಳ ಮುಖ ನೋಡಿ, ಏನೋ ತರಲಿಕ್ಕುಂಟು ಎಂದು ಸ್ಕೂಟರ್ ಕೀ ಹಿಡಿದು ಹೊರಟುಬಿಟ್ಟ. ಅವನಿಗೂ ಗೊತ್ತಿತ್ತು ಎಂಬುದು ಅಲ್ಲಿಯೇ ಅವಳಿಗೆ ತಿಳಿಯಿತು. ತೃಷಾ ಮಹಡಿಯಿಂದ ಇಳಿದು ಬಂದು ಎದುರು ಕೂತಳು.

"ಹೆಸರು ಹಾಕ್ಲಿಲ್ಲ ನಾನು" ಎಂದಳು, ಕೇಳುವ ಮೊದಲೇ. "ಊರಿನ ಹೆಸರೂ ಇಲ್ಲ. ಯಾರಿಗೂ ಗೊತ್ತಾಗುದಿಲ್ಲ."

"ಮಲ್ಪೆ ಯಾಕೆ ಹಾಕ್ಲಿಲ್ಲ?"

ತೃಷಾ ಮೇಜಿನ ಮೇಲಿದ್ದ ಪತ್ರಿಕೆಯನ್ನು ಮಡಿಸತೊಡಗಿದಳು.

"ನೀನೇ ಅವನ ತೋಳು ಹಿಡಿದು ಕರ್ಕೊಂಡು ಬಂದದ್ದು. ನಿನ್ನ ಅಪ್ಪನ ಗಾಡಿಯಲ್ಲಿ. ಗೊತ್ತಾಗಿಲ್ಲ ಅಂತ ಹೇಗೆ ಹೇಳಿದೆ?"

"ಮೊದಲು ಹಾಕಿದ್ದೆ ಮಾರಾಯ್ತಿ. ಎಲ್ಲ ಹಾಕಿದ್ದೆ. ರೂಬನ್ ಸರ್ ಓದಿ, ಇದು ಪರೀಕ್ಷೆ ಫೇಲಾದ ಹುಡುಗನ ಕತೆ, ಇದರಲ್ಲಿ ಎಂತ ಉಂಟು ಅಂದ್ರು. ಬೇರೆ ಕೇಸ್ ಹುಡುಕ್ಲಿಕ್ಕೆ ಟೈಮ್ ಇರ್ಲಿಲ್ಲ. ನಾನು ಎಲ್ಲಿಂದ ತರುದು? ಆ ಕೊನೆಯ ಭಾಗ ತೆಗೆದು ಮತ್ತೆ ಕಳಿಸಿದೆ. ಆ ಭಾಗ ನಾನು ಬರೆದದ್ದೇ ಅವರಿಗೆ ನೆನಪಿರ್ಲಿಲ್ಲ, ಎಷ್ಟು ಜನರದ್ದು ಓದ್ತಾರೆ ಅವರು. ಈಗ ಚೆನ್ನಾಗಿದೆ ಅಂದ್ರು."

"ನನ್ನನ್ನು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ ನೀನು."

ಈ ಮಾತನ್ನು ಅವಳು ಬಹಳ ಸಹಜವಾಗಿ ಹೇಳಿದಳು.

"ದಿಲ್ಲಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ ಉಂಟು. ಸರ್ ನನ್ನ ಹೆಸರು ಹೇಳಿದ್ದಾರೆ" ಎಂದಳು ತೃಷಾ. "ಎಷ್ಟು ವರ್ಷ ಆ ಪಿಯು ಮಕ್ಕಳಿಗೆ ಅದೇ ನೋಟ್ಸ್ ಕೊಡುದು? ಮತ್ತೆ, ಅರ್ಧಕ್ಕರ್ಧ ಅವನಿಗೇ ಕೂಡ್ತದೆ ಅಂತ ನೀನೇ ಹೇಳಿದ್ದಲ್ವಾ? ನಾನು ಇಲ್ಲದ್ದು ಒಂದೂ ಬರೀಲಿಲ್ಲ ಸಬೀನಾ."

"ಹೌದು" ಎಂದಳು ಸಬೀನಾ. "ಇದ್ದದ್ದನ್ನು ಬರೀಲಿಲ್ಲ."

ಅವಳು ಎದ್ದು ಹೊರಟಾಗ ತೃಷಾ ಬಾಗಿಲವರೆಗೆ ಬಂದಳು.

ಮರುದಿನ ಸಬೀನಾ ರೂಬನ್ ಅವರಿಗೆ ಬರೆದು ಮಾತಾಡಲು ಸಮಯ ಕೇಳಿದಳು. ಕಾಲೇಜು ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಅವರು ಸಾವಧಾನದಿಂದ ಕೇಳಿದರು. ಆ ಪ್ರಕರಣದ ಕೊನೆ ತನಗೆ ಗೊತ್ತು, ಸಂಶೋಧಕಿಗೂ ಗೊತ್ತು, ಬೇಕೆಂದೇ ಬಿಡಲಾಗಿದೆ ಎಂದು ಅವಳು ಹೇಳಿದಳು. ಅದು ತನ್ನ ಮನೆಯೇ ಎಂದು ಮಾತ್ರ ಹೇಳಲಿಲ್ಲ. ಹೇಳುವುದು ಬೇಕಾಗಲೂ ಇಲ್ಲ. ಅವರ ಮುಖದಲ್ಲಿ ಅದು ಅರ್ಥವಾದದ್ದು ಕಂಡಿತು.

"ನೋಡಿ ಸಬೀನಾ" ಎಂದರು, ಸ್ವರ ತಗ್ಗಿಸಿ. "ನೀವು ದೂರು ಕೊಟ್ಟರೆ ಸಮಿತಿ ಖಂಡಿತ ಕೂರುತ್ತದೆ. ಆದರೆ ಅದು ಸಾಕ್ಷಿ ಕೇಳುತ್ತದೆ. ಹುಡುಗ ಯಾರು, ಎಲ್ಲಿದ್ದ, ಯಾರು ಕರೆತಂದರು. ಈಗ ಹೆಸರಿಲ್ಲದೆ ಇರುವುದು ಆಗ ಹೆಸರು, ವಿಳಾಸದ ಸಮೇತ ದಾಖಲೆಗೆ ಹೋಗುತ್ತದೆ. ಅದನ್ನು ಯಾರು ಯಾರು ಓದುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಯೋಚನೆ ಮಾಡಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ತಮ್ಮನ ಮೇಲಿನ ಮಸಿ ಒರೆಸಬೇಕಾದರೆ ಮೊದಲು ತಮ್ಮನನ್ನು ಎಳೆದು ತಂದು ಎಲ್ಲರ ಮುಂದೆ ನಿಲ್ಲಿಸಬೇಕಿತ್ತು.

ಝಿಯಾದನನ್ನು ಕೇಳದೆ ಏನೂ ಮಾಡುವಂತಿರಲಿಲ್ಲ. ಸಂಜೆ ಅವನು ಕೆಲಸದಿಂದ ಬಂದು ಬೈಕ್ ನಿಲ್ಲಿಸುವಾಗ, ಸ್ವಲ್ಪ ನಡೆದು ಬರುವ ಎಂದು ಕರೆದಳು. ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ನಡೆಯುತ್ತ ಒಂದನ್ನೂ ಬಿಡದೆ ಹೇಳಿದಳು. ಅವನು ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಕಾಣೆಯಾದದ್ದು, ಪೊಲೀಸರಿಗೆ ಹೇಳದ್ದು, ಗಡ್ಡ, ಬಂದರಿನ ಕೆಲಸ, ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ. ಪ್ರಾರ್ಥನೆಯ ಮಾತು ಬಂದಾಗ ನಿಂತುಬಿಟ್ಟ.

"ಅದು ತೃಷಾಕ್ಕನಿಗೆ ಹೇಗೆ ಗೊತ್ತು?"

"ನಾನು ಹೇಳಿದ್ದು" ಎಂದಳು. "ಪಾಠ ಆದ ಮೇಲೆ ಮಾತಾಡ್ತಾ ಇದ್ವಿ. ನಿನ್ನ ಮೇಲೆ ಪಾಪ ಅನಿಸಿ ಹೇಳಿದೆ. ಅವಳು ನಮ್ಮವಳು ಅಂತ."

ಝಿಯಾದ್ ಹೆಲ್ಮೆಟ್ಟಿನ ಪಟ್ಟಿಯನ್ನು ಹಾಕುತ್ತ ತೆಗೆಯುತ್ತ ನಿಂತ. ಬಯ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ಅಲ್ಲಿ ನನಗೆ ಸಾಯುವ ಯೋಚನೆ ಬರ್ತಿತ್ತು ಅಕ್ಕ" ಎಂದ ಕೊನೆಗೆ. "ಅದಕ್ಕೆ ಹೋಗಿ ಕೂರ್ತಿದ್ದೆ. ಅದನ್ನು ನಿನಗೂ ಹೇಳಿರ್ಲಿಲ್ಲ. ಒಳ್ಳೇದಾಯ್ತು."

"ಝಿಯಾದ್."

"ದೂರು ಗೀರು ಎಂತ ಬೇಡ. ಪೋರ್ಟಿನ ಒಳಗೆ ಹೋಗುವ ಪಾಸ್ ನನಗೆ ಆಗಾಗ ರಿನ್ಯೂ ಆಗ್ಬೇಕು. ಪ್ರತಿ ಸಲ ಪೊಲೀಸ್ ವೆರಿಫಿಕೇಶನ್ ಉಂಟು. ನನ್ನ ಹೆಸರು ಯಾವ ಕಾಗದದಲ್ಲೂ ಬೇಡ. ಹೆಸರಿಲ್ಲದೆಯೂ ಬೇಡ. ಆ ಕತೆಯನ್ನು ಇನ್ನು ನೀನು ಎಲ್ಲಿಯೂ ಹೇಳ್ಬಾರದು. ಒಳ್ಳೆಯದಕ್ಕೂ ಬೇಡ, ಕೆಟ್ಟದಕ್ಕೂ ಬೇಡ. ಹೇಳುದಿಲ್ಲ ಅಂತ ಹೇಳು."

"ಹೇಳುದಿಲ್ಲ" ಎಂದಳು ಸಬೀನಾ.

ಅವನು ತಿರುಗಿ ಮನೆಯ ಕಡೆಗೆ ನಡೆದ. ಅವಳು ಎರಡು ಹೆಜ್ಜೆ ಹಿಂದೆ ನಡೆದಳು.

ಆ ಶನಿವಾರ ಬೆಳಿಗ್ಗೆ ಬೂಬ ಬಂದರು. ಮೀನು ಒಳ್ಳೆಯದು ಬಿದ್ದಾಗ ಬೋಳಾರದ ಮನೆಗೆ ಒಂದು ಅಂಜಲ್ ತಂದುಕೊಡುವುದು ಅವರ ರೂಢಿ. ಆವತ್ತೂ ಚೀಲದಲ್ಲಿ ಮೀನಿತ್ತು, ಆದರೆ ಎಂದಿನಂತೆ ಗೇಟಿನಲ್ಲೇ ಕೊಟ್ಟು ಹೋಗದೆ ಜಗಲಿಯಲ್ಲಿ ಕೂತರು. ಏನೂ ತಿಳಿಯದ ಉಮ್ಮ ಖುಷಿಯಿಂದ ಚಾ ಮಾಡಲು ಒಳಗೆ ಹೋದರು.

ಬೂಬ ತುಳುವಿನಲ್ಲಿ, ಸ್ವರ ತಗ್ಗಿಸಿ ಕೇಳಿದರು. "ಮಗಳೇ, ನೀನು ತೃಷಾಳ ಮೇಲೆ ಕಂಪ್ಲೇಂಟ್ ಕೊಟ್ಟಿದ್ದೀಯಂತೆ ಹೌದಾ? ಅವಳಿಗೆ ಮಾರ್ಕ್ ಹೆಚ್ಚು ಬಂತು ಅಂತ?"

ಸಬೀನಾ ಅವರ ಮುಖವನ್ನೇ ನೋಡಿದಳು. ಮಣ್ಣಗುಡ್ಡದ ಮನೆಯಿಂದ ಇಂಥ ಮಾತು ಹೊರಟಿರಬಹುದೆಂದು ಅವಳು ಎಣಿಸಿರಲಿಲ್ಲ. ಪ್ರಬಂಧದಲ್ಲಿ ಬರೆದದ್ದಕ್ಕಿಂತ ಈ ಸಣ್ಣ ಸುಳ್ಳು ಅವಳನ್ನು ಹೆಚ್ಚು ನೋಯಿಸಿತು. ಅಲ್ಲಿ ತೃಷಾಳಿಗೆ ಕೆಲಸದ ಆಸೆಯಾದರೂ ಇತ್ತು.

"ಕಂಪ್ಲೇಂಟ್ ಕೊಡ್ಲಿಲ್ಲ ಅಂಕಲ್. ಕೊಡುದೂ ಇಲ್ಲ" ಎಂದಳು.

"ಮತ್ತೆ ಎಂತ ಜಗಳ ನಿಮ್ಮದು?"

ಅವರಿಗೆ ಹೊಸದಾಗಿ ಹೇಳಬೇಕಾದ ಕತೆ ಅದಾಗಿರಲಿಲ್ಲ. ಅದರ ಕೊನೆಯನ್ನು ನಡೆಸಿಕೊಟ್ಟವರೇ ಅವರು. ಆದ್ದರಿಂದ ಅವಳು ಇಷ್ಟೇ ಹೇಳಿದಳು: "ಝಿಯಾದ್ ಮನೆ ಬಿಟ್ಟ ಸಂಗತಿಯನ್ನು ಅವಳು ಬರೆದಿದ್ದಾಳೆ. ನೀವು ಮಲ್ಪೆಯಿಂದ ಕರ್ಕೊಂಡು ಬಂದದ್ದನ್ನು ಬಿಟ್ಟು ಬರೆದಿದ್ದಾಳೆ. ಎಲ್ಲಿಗೆ ಹೋಗಿದ್ದ ಅಂತ ಗೊತ್ತಿಲ್ಲ ಅಂತ ಎಲ್ಲರ ಎದುರು ಹೇಳಿದ್ದಾಳೆ."

ಬೂಬನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಮುಂಡಿನ ತುದಿಯಿಂದ ಮುಖ ಒರೆಸಿಕೊಂಡರು. ಉಮ್ಮ ಚಾ ತಂದಿಟ್ಟು, ಲಕ್ಷ್ಮಿಯ ಮೊಣಕಾಲು ನೋವು ಹೇಗಿದೆ ಎಂದು ಅವರ ಹೆಂಡತಿಯ ಆರೋಗ್ಯ ವಿಚಾರಿಸಿದರು. ಬೂಬ ಏನೋ ಉತ್ತರ ಕೊಟ್ಟರು. ಉಮ್ಮ ಮೀನು ಹಿಡಿದು ಒಳಗೆ ಹೋಗುವವರೆಗೂ ಲೋಟ ಮುಟ್ಟಲಿಲ್ಲ.

"ಅವನು ಐಸ್ ಪ್ಲಾಂಟಿನಲ್ಲಿದ್ದ. ನಾನು ಕಣ್ಣಿಂದ ನೋಡಿದ್ದು" ಎಂದರು. "ಯಾರು ಬಂದು ಕೇಳಿದ್ರೂ ಅದನ್ನೇ ಹೇಳ್ತೇನೆ." ಲೋಟವನ್ನು ಆಚೆ ಸರಿಸಿದರು. "ಆದ್ರೆ ಅವಳ ಎದುರು ನಿಂತು ಹೇಳು ಅಂತ ಮಾತ್ರ ನನಗೆ ಹೇಳ್ಬೇಡ ಮಗಳೇ. ಒಬ್ಬಳೇ ಮಗಳು ನನಗೆ. ದಿಲ್ಲಿಯಲ್ಲಿ ಕೆಲಸ ಆಗ್ತದೆ ಅಂತ ಅವಳ ಅಮ್ಮ ಊರಿಗೆಲ್ಲ ಹೇಳಿಯಾಗಿದೆ."

"ಹೇಳುದಿಲ್ಲ ಅಂಕಲ್."

ಅವರು ಚಾ ಕುಡಿಯದೆ ಎದ್ದರು. ಗೇಟಿನ ಹತ್ತಿರ ಒಮ್ಮೆ ನಿಂತು, ಝಿಯಾದ್ ಇದ್ದಾನಾ ಎಂದು ಕೇಳಿದರು. ಇಲ್ಲ, ಡ್ಯೂಟಿಗೆ ಹೋದ ಎಂದಾಗ ಅವರಿಗೆ ಸಮಾಧಾನವಾದಂತೆ ಸಬೀನಾಳಿಗೆ ಕಂಡಿತು. ಆಮೇಲೆ ಆ ಮನೆಗೆ ಬೂಬ ಮೀನು ತರಲಿಲ್ಲ. ಕಾರಣ ಗೊತ್ತಿಲ್ಲದ ಉಮ್ಮ, ಅವರಿಗೆ ಮೈಗೆ ಹುಷಾರಿಲ್ಲವೇನೋ ಎಂದುಕೊಂಡರು.

ಸಬೀನಾಳ ಅಂತಿಮ ಮೌಖಿಕ ಪರೀಕ್ಷೆ ಮಳೆಗಾಲಕ್ಕೆ ಮುಂಚೆ ನಡೆಯಿತು. ರೂಬನ್ ಜೊತೆಗೆ ಹೊರಗಿನ ಇಬ್ಬರು ಪರೀಕ್ಷಕರಿದ್ದರು. ನೋಡಲು ಬರಬಹುದಾದ ಸಹಪಾಠಿಗಳಲ್ಲಿ ತೃಷಾಳ ಚೌಕವೂ ಇತ್ತು, ಮುಖ ಕಾಣುವಂತೆ. ಯಾಕೆ ಬಂದಳೋ ತಿಳಿಯದು. ತನ್ನ ಬಗ್ಗೆ ಸಬೀನಾ ಏನಾದರೂ ಹೇಳಿಬಿಡುತ್ತಾಳೋ ಎಂಬ ಹೆದರಿಕೆಯೂ ಇರಬಹುದು.

ಎಲ್ಲ ಚೆನ್ನಾಗಿಯೇ ಸಾಗಿತು. ಕೊನೆಗೆ ಹೊರಗಿನ ಪರೀಕ್ಷಕರೊಬ್ಬರು ಪ್ರಬಂಧದ ಪುಟ ತಿರುವಿ ಕೇಳಿದರು. "ಇಲ್ಲಿ ನೀವೊಂದು ದೊಡ್ಡ ಮಾತು ಬರೆದಿದ್ದೀರಿ. ಕರಾವಳಿಯ ಜನರ ನಡುವಿನ ನಂಬಿಕೆಯೇ ಮೊದಲ ಭದ್ರತಾ ವ್ಯವಸ್ಥೆ, ಸರ್ಕಾರದ ಇಲಾಖೆಗಳಿಗೆ ಸಿಗದ ಮಾಹಿತಿ ಆ ನಂಬಿಕೆಯಿಂದ ಸಿಗುತ್ತದೆ ಎಂದು. ಇದಕ್ಕೆ ನಿಮಗೆ ನೇರವಾಗಿ ಗೊತ್ತಿರುವ ಒಂದು ಘಟನೆ ಹೇಳಿ."

ಘಟನೆ ಅವಳ ನಾಲಿಗೆಯ ತುದಿಯಲ್ಲಿತ್ತು. ಬೋಳಾರದ ಒಂದು ಮನೆ, ಕಾಣೆಯಾದ ಹುಡುಗ, ಗೆಳತಿಗೆ ಹೇಳಿದ ಒಂದು ಮಾತು, ಬಂದರಿನಿಂದ ಬಂದರಿಗೆ ಕೇಳುತ್ತ ಹೋದ ಒಬ್ಬ ಮೀನು ವ್ಯಾಪಾರಿ. ಹೇಳಲು ಎರಡು ನಿಮಿಷ ಸಾಕಿತ್ತು. ಅದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಗ್ರಂಥಾಲಯದಲ್ಲೂ ಇರಲಿಲ್ಲ. ಹೇಳಿದ್ದರೆ ತೃಷಾ ಬಿಟ್ಟ ಕೊನೆಯೂ ಅದೇ ಪರದೆಯ ಮೇಲೆ ಬಂದು ಕೂರುತ್ತಿತ್ತು, ತೃಷಾ ನೋಡುತ್ತಿರುವಾಗಲೇ.

ಸಬೀನಾ ಆ ಚೌಕದ ಕಡೆಗೆ ನೋಡಿದಳು. ತೃಷಾ ಉಸಿರು ಬಿಗಿಹಿಡಿದವಳ ಹಾಗೆ ಕೂತಿದ್ದಳು.

"ಒಂದು ಘಟನೆ ಗೊತ್ತಿದೆ ಸರ್" ಎಂದಳು ಸಬೀನಾ. "ಅದನ್ನು ಹೇಳುವ ಹಕ್ಕು ನನಗಿಲ್ಲ."

"ಹೆಸರು ಹೇಳಬೇಡಿ. ಹೆಸರಿಲ್ಲದೆ ಹೇಳಿ."

"ಹೆಸರಿಲ್ಲದೆಯೂ ಇಲ್ಲ ಸರ್."

ಪರೀಕ್ಷಕರು ಕನ್ನಡಕ ತೆಗೆದರು. "ಆಧಾರ ಕೊಡದ ಮಾತು ಸಂಶೋಧನೆಯಾಗುವುದಿಲ್ಲ. ಅದು ಬರೀ ಭಾವನೆ. ನಿಮ್ಮ ಸಹಪಾಠಿಯೊಬ್ಬರ ಪ್ರಕರಣ ಅಧ್ಯಯನ ನೋಡಿದೆ, ಎಷ್ಟು ಗಟ್ಟಿಯಾಗಿದೆ. ನೀವೂ ಹಾಗೆ ಮಾಡಬಹುದಿತ್ತು."

ರೂಬನ್ ಕೆಮ್ಮಿದರು. ಮುಂದಿನ ಪ್ರಶ್ನೆಗೆ ಹೋಗೋಣ ಎಂದರು. ತೃಷಾಳ ಚೌಕ ಕಪ್ಪಾಯಿತು. ಮುಖ ಇದ್ದಲ್ಲಿ ಹೆಸರು ಮಾತ್ರ ಉಳಿಯಿತು.

ಇಬ್ಬರಿಗೂ ಪದವಿ ಬಂತು. ಸಬೀನಾಳಿಗೆ ಎರಡನೆಯ ದರ್ಜೆ. ತೃಷಾಳ ಪ್ರಬಂಧಕ್ಕೆ ಆ ವರ್ಷದ ಬಹುಮಾನವೂ ಸಿಕ್ಕಿತು. ಅವಳು ಕಾಲೇಜು ಬಿಟ್ಟು ದಿಲ್ಲಿಗೆ ಹೊರಡುವ ದಿನ ಸ್ಟಾಫ್ ರೂಮಿನಲ್ಲಿ ಕೇಕ್ ಕತ್ತರಿಸಿದರು. ಇಂಗ್ಲಿಷ್ ಕಲಿಸುವ ಏವ್ರಿಲ್, "ನೀವಿಬ್ಬರು ಒಟ್ಟಿಗೆ ಓದಿದವರಲ್ವಾ, ಸಬೀನಾ ಎರಡು ಮಾತು ಹೇಳ್ಬೇಕು" ಎಂದಳು. ಸಬೀನಾ ಎದ್ದು ನಿಂತು, ತೃಷಾ ಮೇಡಂ ಒಳ್ಳೆಯ ಪಾಠ ಮಾಡುತ್ತಿದ್ದರು, ಅವರಿಗೆ ಒಳ್ಳೆಯದಾಗಲಿ ಎಂದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳನ್ನು ಮೇಡಂ ಎಂದು ಕರೆದಿದ್ದಳು. ತೃಷಾಳ ಕಣ್ಣು ತುಂಬಿದ್ದನ್ನು ಎಲ್ಲರೂ ನೋಡಿದರು. ಎಷ್ಟು ಹಚ್ಚಿಕೊಂಡಿದ್ದಾರೆ ಎಂದು ಮಾತಾಡಿಕೊಂಡರು. ಆಮೇಲೆ ದಿಲ್ಲಿಯಿಂದ ಎರಡು ಸಲ ಕರೆ ಬಂತು. ಸಬೀನಾ ಎತ್ತಲಿಲ್ಲ.

ಹೊಸ ವರ್ಷದ ತರಗತಿ ಶುರುವಾಗಿ ಭದ್ರತೆಯ ಪಾಠ ಬಂದ ದಿನ, ಅವಳು ಪುಸ್ತಕ ತೆರೆಯದೆಯೇ ಪಾಠ ಮಾಡಿದಳು. ಮಕ್ಕಳು ಶಾಲನ್ನು ನೋಡಿದರು. ಆಮೇಲೆ ಕೆಲವರು ಬರೆದುಕೊಳ್ಳತೊಡಗಿದರು. ಪಾಠ ಚೆನ್ನಾಗಿಯೇ ಆಯಿತು ಎಂದು ಅವಳಿಗನಿಸಿತು. ಆದರೆ ಅಪಾಯದ ಲಕ್ಷಣಗಳ ಭಾಗ ಬಂದಾಗ ಅವಳು ಅದನ್ನು ಬಿಟ್ಟು ಮುಂದಿನ ಅಧ್ಯಾಯಕ್ಕೆ ಹೋದಳು.

ಮನೆಯಲ್ಲಿ ಝಿಯಾದ್ ಮೊದಲಿನಂತೆಯೇ ಇದ್ದ. ಉಮ್ಮನೊಂದಿಗೆ ತಮಾಷೆ ಮಾಡುತ್ತಿದ್ದ, ಹಾಶಿಂ ಕರೆ ಮಾಡಿದಾಗ ಭಾವನೊಂದಿಗೆ ಕ್ರಿಕೆಟ್ಟಿನ ಮಾತು ಆಡುತ್ತಿದ್ದ. ಒಂದು ಶುಕ್ರವಾರ ಊಟಕ್ಕೆ ಕೂತಾಗ ಅವನ ಮುಖ ಬಾಡಿದ್ದನ್ನು ಕಂಡು ಸಬೀನಾ, "ಆಫೀಸಿನಲ್ಲಿ ಎಂತದಾದ್ರೂ ಆಯ್ತಾ?" ಎಂದು ಕೇಳಿದಳು.

"ಎಂತ ಇಲ್ಲ" ಎಂದ ಅವನು, ಅವಳ ಬಟ್ಟಲಿಗೆ ಸಾರು ಬಡಿಸುತ್ತ. "ಎಲ್ಲ ಒಳ್ಳೇದುಂಟು."